ಕಾಂತರಾಜು ಹಚ್ಚಿದ ಅರಿಶಿನ

ಮೊದಲೇ ಹೇಳಿಬಿಡ್ತೀನಿ, ತಪ್ಪು ನನ್ನದು. ಆಯುಧಪೂಜೆ ದಿನ ಆ ಡಬ್ಬಿಗೆ ಅರಿಶಿನ ಹಚ್ಚು ಅಂತ ಕಾಂತರಾಜುಗೆ ಹೇಳಿದವಳು ನಾನೇ, ಅನಂತಲಕ್ಷ್ಮಿ. ಜ್ಞಾನಭಾರತಿ ಹತ್ತಿರ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ಲ್ಯಾಬ್ ನೋಡಿಕೊಳ್ತಿದ್ದೀನಿ. ಬಾಯಿ ಜೋರು ಅಂತ ಹೆಸರು. ಸುಳ್ಳೇನಲ್ಲ.

ಕಾಂತರಾಜು ನಮ್ಮ ಅಟೆಂಡರ್, ಉಲ್ಲಾಳದವನು. ಅವರಪ್ಪ ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆಗಳು ಎದ್ದಿವೆ, ಅದರಲ್ಲಿ ಒಂದೂ ಇವನದಲ್ಲ. ಹನ್ನೊಂದು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲೇ ಇದ್ದಾನೆ. ಪ್ರತಿ ವರ್ಷ ದಸರಾ ಮುಗಿದ ಮೇಲೆ ರಿನ್ಯೂವಲ್ ಕಾಗದ ನಮ್ಮ ಮುಖ್ಯಸ್ಥರು ಮುರಳೀಕೃಷ್ಣ ಸಾರ್ ಟೇಬಲ್ಲಿಗೆ ಹೋಗುತ್ತೆ, ಸೈನ್ ಆಗಿ ವಾಪಸ್ ಬರೋವರೆಗೂ ಇವನಿಗೆ ಗಂಟಲಲ್ಲಿ ಅನ್ನ ಇಳಿಯಲ್ಲ. ಹುಟ್ಟು ಪುಕ್ಕಲ. ಕರೆಂಟ್ ಹೋದರೆ ಸಾಕು, ಜೀವಕೋಶಗಳನ್ನ ಬೆಚ್ಚಗಿಡೋ ಇನ್ಕ್ಯುಬೇಟರ್ ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿರ್ತಾನೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಭಾನುವಾರವೂ ಬಿಡಲ್ಲ, ಸೆಕ್ಯುರಿಟಿಗೆ ಫೋನ್ ಮಾಡಿ "ಅಣ್ಣಾ, ಮೂವತ್ತೇಳು ಡಿಗ್ರಿ ತೋರಿಸ್ತಾ ಇದೆಯಾ, ಸ್ವಲ್ಪ ನೋಡಿ" ಅಂತಾನೆ. "ನಿನ್ನ ಕಾಟಕ್ಕೇ ಆ ಕೋಶಗಳು ಗಾಬರಿಬಿದ್ದು ಸಾಯ್ತವೆ ಕಣೋ" ಅಂತ ನಾನು ರೇಗಿಸ್ತಿದ್ದೆ.

ಆ ಡಬ್ಬಿ ನಮ್ಮ ಸಂಶೋಧನಾ ವಿದ್ಯಾರ್ಥಿನಿ ನಿಖಿತಾ ಕೈಯಾರೆ ಕಟ್ಟಿದ್ದು. ಊಟದ ಡಬ್ಬಿಗಿಂತ ದೊಡ್ಡದಲ್ಲ, ಒಳಗೆ ಲೆನ್ಸೇ ಇಲ್ಲ. ಮೇಲೊಂದು ಗಾಜು, ಅದಕ್ಕೆ ಅಂಟಿಕೊಂಡ ಹಾಗೆ ಕೆಳಗೆ ಕ್ಯಾಮೆರಾ ಚಿಪ್. ಕೋಶಗಳಿರೋ ತಟ್ಟೆಯನ್ನ ಗಾಜಿನ ಮೇಲಿಟ್ಟು, ಡಬ್ಬಿ ಸಮೇತ ಇನ್ಕ್ಯುಬೇಟರೊಳಗೆ ತಳ್ಳಿ, ನೀಲಿ ಬೆಳಕು ಬಿಟ್ಟರಾಯ್ತು. ಜೀವಂತ ಕೋಶಗಳನ್ನ ಹೊರಗೆ ತೆಗೀದೆ ದಿನಗಟ್ಟಲೆ ನೋಡ್ತಾ ಇರಬಹುದು. ಅವಳು ಬೆರೆಸೋ ಬಣ್ಣ ಸತ್ತ ಕೋಶಕ್ಕೆ ಮಾತ್ರ ಹಿಡಿದು ಹಸಿರಾಗಿ ಹೊಳೆಯುತ್ತೆ. ಕಂಪ್ಯೂಟರ್ ಪರದೆ ಕಪ್ಪಗಿದ್ದಷ್ಟೂ ಒಳ್ಳೇದು.

ಪೂಜೆ ದಿನ ಫ್ರಿಜ್ಜು, ತಕ್ಕಡಿ, ಯುಪಿಎಸ್ಸು, ಎಲ್ಲಕ್ಕೂ ಅರಿಶಿನ ಕುಂಕುಮ ಆಯ್ತು. ಡಬ್ಬಿ ಹತ್ತಿರ ಬಂದು ಕಾಂತರಾಜು ನಿಂತುಬಿಟ್ಟ. "ಮೇಡಂ, ಇದನ್ನ ಮುಟ್ಟಬೇಡ ಅಂದಿದಾರೆ ಸಾರ್."

"ಎಲ್ಲಕ್ಕೂ ಹಚ್ಚಿ ಇದೊಂದನ್ನ ಬಿಡ್ತೀಯಾ? ನಾಳೆ ಇದಕ್ಕೇ ಏನಾದ್ರೂ ಆದ್ರೆ? ಹಚ್ಚೋ ಸುಮ್ನೆ, ನನಗೇ ಹೇಳೋಕೆ ಬಂದ!"

ಹಚ್ಚಿದ. ಗಾಜಿನ ಅಂಚಿಗೆ, ಸಾಸಿವೆ ಕಾಳಿನಷ್ಟು.

ರಜೆ ಮುಗಿಸಿ ಬಂದ ನಿಖಿತಾ ಕಣ್ಣಿಗೆ ಅದು ಬೀಳಲಿಲ್ಲ. ತಟ್ಟೆ ಇಟ್ಟು ಒಳಗೆ ತಳ್ಳಿದಳು. ಮೂರನೇ ದಿನ ಬೆಳಿಗ್ಗೆ ಪರದೆ ಪೂರ್ತಿ ಹಸಿರು. "ಎಲ್ಲಾ ಸತ್ತೋಗಿವೆ ಮೇಡಂ" ಅಂದಳು, ಮುಖ ಬಿಳಿಚಿಕೊಂಡಿತ್ತು. ನಾಲ್ಕು ತಿಂಗಳು ಸಾಕಿದ ಕೋಶಗಳು, ಅದೇ ಕೊನೇ ತಟ್ಟೆ. ದೊಡ್ಡ ಮೈಕ್ರೋಸ್ಕೋಪು ರಿಪೇರಿಗೆ ಹೋಗಿತ್ತು, ಇನ್ನೊಂದರಲ್ಲಿ ನೋಡೋಣ ಅಂದರೆ ಇಲ್ಲ. ಮುರಳೀಕೃಷ್ಣ ಸಾರ್ ಬಂದು ನೋಡಿ, "ಸೋಂಕಿರಬೇಕು. ಬೇರೆಯವಕ್ಕೆ ಹರಡೋ ಮುಂಚೆ ಬ್ಲೀಚ್ ಸುರಿದು ಬಿಸಾಕಮ್ಮ" ಅಂದರು.

ಕಾಂತರಾಜು ನನ್ನನ್ನ ಕಾರಿಡಾರಿಗೆ ಕರೆದ. ಹಣೆ ಮೇಲೆ ಬೆವರು. "ಮೇಡಂ, ನಾನು ಅರಿಶಿನ ಇಟ್ಟ ಕಡೆನೇ ಹಸಿರು ಜಾಸ್ತಿ ಇದೆ. ಒಳಗಿನ ತೇವಕ್ಕೆ ಕರಗಿ ಗಾಜಿನ ಮೇಲೆಲ್ಲಾ ಹರಿದಿದೆ ಅನ್ಸತ್ತೆ."

ನೀಲಿ ಬೆಳಕಿಗೆ ಅರಿಶಿನವೂ ಹಸಿರಾಗಿ ಹೊಳೆಯುತ್ತೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಪೂಜೆ ಗಡಿಬಿಡಿಯಲ್ಲಿ ಹೊಳೀಲಿಲ್ಲ, ಅಷ್ಟೇ. "ಬಾಯಿ ಮುಚ್ಕೊಂಡಿರು. ನಿನ್ನ ಕಾಗದಕ್ಕೆ ಇನ್ನೂ ಸೈನ್ ಬಿದ್ದಿಲ್ಲ" ಅಂದೆ. ಅವನ ಒಳ್ಳೇದಕ್ಕೇ ಹೇಳ್ತಿದ್ದೀನಿ ಅಂತ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ನನ್ನದಾಗಿತ್ತು.

ಅವನು ಕೈಗಳನ್ನ ಪ್ಯಾಂಟಿಗೆ ಒರೆಸಿಕೊಂಡ. "ಅವು ಬದುಕಿದ್ರೆ ಮೇಡಂ?"

ಒಳಗೆ ನಿಖಿತಾ ಬ್ಲೀಚ್ ಬಾಟಲಿ ಮುಚ್ಚಳ ತಿರುಗಿಸೋದು ಬಾಗಿಲಿಂದ ಕಾಣ್ತಿತ್ತು. ಆ ಪುಕ್ಕಲ ಓಡಿದ. "ಸುರೀಬೇಡಿ ಮೇಡಂ! ಮೊದಲು ಖಾಲಿ ತಟ್ಟೆ ಇಟ್ಟು ನೋಡಿ!"

ಖಾಲಿ ತಟ್ಟೆ ಇಟ್ಟರೂ ಪರದೆ ಹಸಿರು. ಗಾಜನ್ನ ಸ್ಪಿರಿಟ್ ಹಚ್ಚಿ ಒರೆಸಿದಳು, ಹತ್ತಿ ಹಳದಿಯಾಯ್ತು. ತಟ್ಟೆಯ ತಳವನ್ನೂ ಒರೆಸಿ ಮತ್ತೆ ಇಟ್ಟಳು. ಪರದೆ ಕಪ್ಪಾಯ್ತು, ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕಿ ಬಿಟ್ಟರೆ ಬರೀ ಕಪ್ಪು. ಬದುಕಿದ್ದವು. ನಿಖಿತಾ ಸ್ಟೂಲ್ ಮೇಲೆ ಕುಸಿದು ಅತ್ತಳು.

ಸಾರ್ ಮಾತ್ರ ನಗಲಿಲ್ಲ. "ಯಾರು ಹಚ್ಚಿದ್ದು?"

"ನಾನೇ ಸಾರ್."

"ಮುಟ್ಟಬೇಡ ಅಂತ ಹೇಳಿರ್ಲಿಲ್ವಾ?"

"ಮರ್ತೋಯ್ತು ಸಾರ್."

ಮರೆಯೋದಾ! ಹನ್ನೊಂದು ವರ್ಷದಲ್ಲಿ ಒಂದು ಸ್ವಿಚ್ಚೂ ಮರೆತವನಲ್ಲ ಅವನು.

"ಮರೆಯೋರ ಕೈಗೆ ಈ ರೂಮು ಕೊಡೋಕಾಗಲ್ಲಪ್ಪ. ಕೀ ಇಡು. ನಿನ್ನ ಕಾಗದ ಆಮೇಲೆ ನೋಡೋಣ."

ಅವನು ಗೊಂಚಲಿಂದ ಕೀ ಬಿಡಿಸೋಕೆ ಹೋದ. ಅದು ಬೇಗ ಬರ್ತಾನೇ ಇಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಊರಿಗೆಲ್ಲಾ ಬುದ್ಧಿ ಹೇಳೋ ನನ್ನ ಬಾಯಿ ಆಗ ಎಲ್ಲಿ ಹೋಗಿತ್ತೋ! ಕೀ ಟೇಬಲ್ ಮೇಲೆ ಬಿದ್ದ ಮೇಲೆ ಬಾಯಿ ಬಂತು.

"ಅವನು ಮರೀಲಿಲ್ಲ ಸಾರ್. ಬೇಡ ಅಂತಲೇ ಅಂದ. ಬೈದು ಹಚ್ಚಿಸಿದ್ದು ನಾನು. ಇವತ್ತು ಬಾಯಿ ಮುಚ್ಕೊಂಡಿರು ಅಂದವಳೂ ನಾನೇ."

ಸಾರ್ ನನ್ನ ಕಡೆ ಕೈ ಚಾಚಿದರು. "ಹಾಗಾದ್ರೆ ನಿಮ್ಮ ಕೀ ಇಡಿ ಮೇಡಂ" ಅಂದರು. ಕಾಂತರಾಜುವಿನ ಕೀಯನ್ನ ಅವನ ಕಡೆಗೇ ತಳ್ಳಿದರು. ಸಂಜೆಯೊಳಗೆ ಅವನ ಕಾಗದಕ್ಕೆ ಸೈನೂ ಬಿತ್ತು.

ಈಗ ಆ ರೂಮಿಗೆ ಹೋಗಬೇಕಾದರೆ ನಾನು ಅವನನ್ನ ಕೇಳಬೇಕು. ಮೊನ್ನೆ ಬಾಗಿಲು ತೆಗೀತಿದ್ದಾಗ ತಡೆಯಲಾರದೆ ಕೇಳಿದೆ, "ಅವತ್ತು ಯಾಕೋ ಮರ್ತೋಯ್ತು ಅಂದೆ? ನನ್ನ ಹೆಸರು ಹೇಳಬಾರದಿತ್ತಾ?"

"ಹೇಳೋ ಮನಸ್ಸಿದ್ರೆ ನೀವೇ ಹೇಳ್ತೀರಲ್ವಾ ಅಂದ್ಕೊಂಡೆ ಮೇಡಂ. ಕಾದೆ."

ದನಿಯಲ್ಲಿ ಕೋಪ ಇರಲಿಲ್ಲ. ಬಾಗಿಲು ಹಿಡಿದು ಪಕ್ಕಕ್ಕೆ ನಿಂತ. ನಾನು ತಲೆ ತಗ್ಗಿಸಿ ಒಳಗೆ ಹೋದೆ.