ಕುಸುರೆಳ್ಳಿಗೆ ಬಂದವರು

ಬೆಳಿಗ್ಗೆ ಪಾಕ ಸೀದುಹೋಯಿತು. ಸೀದ ಸಕ್ಕರೆಯ ವಾಸನೆ ಎಂಥದೆಂದು ನಿಮಗೂ ಗೊತ್ತಿದ್ದೀತು. ಮೊದಲ ಗಳಿಗೆ ಬಾಯಲ್ಲಿ ನೀರೂರಿಸಿ, ಮರುಗಳಿಗೆ ಕಣ್ಣಿಗೆ ಇರಿಯುತ್ತದೆ. ಕಿಟಕಿ ತೆರೆದೆ, ಮತ್ತೆ ಮುಚ್ಚಿದೆ. ಬೆಂಕಿ ಹತ್ತಿತೆಂದು ಎದುರುಮನೆಯವರು ಕೊಡ ಹಿಡಿದು ಓಡಿಬಂದರೆ ಏನು ಹೇಳಲಿ ಎಂದು ಒಂದು ಹೆದರಿಕೆ. ಯಾರೂ ಬರದೇ ಹೋದರೆ, ನಿಜಕ್ಕೂ ಬೆಂಕಿ ಹತ್ತಿದ ದಿನ ನನ್ನ ಗತಿ ಏನು ಎಂದು ಇನ್ನೊಂದು. ಯಾರೂ ಬರಲಿಲ್ಲ.

ನಮ್ಮವರಿಗೆ ಜೇವರ್ಗಿಗೆ ವರ್ಗವಾಗಿದೆ. ಶನಿವಾರಕ್ಕೊಮ್ಮೆ ಆಳಂದಕ್ಕೆ ಬರುತ್ತಾರೆ. ಅವರ ಬಸ್ಸು ಹಳ್ಳಕ್ಕೆ ಬಿದ್ದಿರಬಹುದೆಂದು ನಾನು ಶುಕ್ರವಾರದಿಂದಲೇ ಯೋಚಿಸಲು ಶುರುಮಾಡುತ್ತೇನೆ. ಉಳಿದ ದಿನಗಳಲ್ಲಿ ಮನೆಯೊಳಗೆ ನಾನು ಮತ್ತು ನನ್ನ ಚಿಂತೆ. ಮಕ್ಕಳೆಲ್ಲ ತಮ್ಮ ತಮ್ಮ ಸಂಸಾರದಲ್ಲಿದ್ದಾರೆ. ಹೀಗಿರುವಾಗ ಮನೆಯಲ್ಲಿ ಕುಸುರೆಳ್ಳು ಮಾಡುವ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ಸಂಕ್ರಾಂತಿ ಬಂತೆಂದರೆ ಬಜಾರಿನಲ್ಲಿ ಪೊಟ್ಟಣಗಟ್ಟಲೆ ಸಿಗುತ್ತದೆ, ಗುಲಾಬಿ ಬಣ್ಣದ್ದು, ಹಸಿರು ಬಣ್ಣದ್ದು, ಗುಂಡಗೆ, ನುಣ್ಣಗೆ. ಆದರೆ ನುಣ್ಣಗಿರುವುದು ಕುಸುರೆಳ್ಳೇ ಅಲ್ಲವೆಂದು ನಮ್ಮತ್ತೆಯ ಮತ. ಒಂದೊಂದು ಎಳ್ಳಿನ ಮೈಮೇಲೂ ಸಕ್ಕರೆಯ ಮುಳ್ಳು ಏಳಬೇಕು. ಅದಕ್ಕೆ ಸಣ್ಣ ಕೆಂಡದ ಶೆಗಡಿಯ ಮೇಲೆ ಅಗಲ ತಟ್ಟೆಯಂಥ ಪರಾತ ಇಟ್ಟು, ಎಳ್ಳು ಹರವಿ, ಪಾಕವನ್ನು ಹನಿಹನಿಯಾಗಿ ಬಿಡುತ್ತ ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಒಂದು ಮುಂಜಾನೆಗೆ ಮುಗಿಯುವ ಕೆಲಸವಲ್ಲ. ಉರಿ ಹೆಚ್ಚಾದರೆ ಸೀಯುತ್ತದೆ, ಕಡಿಮೆಯಾದರೆ ಅಂಟುತ್ತದೆ, ಮನಸ್ಸು ಬೇರೆ ಕಡೆ ಹೋದರೆ ಎರಡೂ ಆಗುತ್ತದೆ. ನನ್ನ ಮನಸ್ಸು ಹುಟ್ಟಿದಾಗಿನಿಂದ ಬೇರೆ ಕಡೆಯೇ ಇದೆ.

ನಾನು ಈ ಕೆಲಸ ಕಲಿತದ್ದು ಮದುವೆಯಾದ ವರ್ಷ, ಖಜೂರಿ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಅದು ಗದ್ದಲದ ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಾವಿದ್ದ ನಿಜಾಮರ ರಾಜ್ಯದಲ್ಲಿ ಮಾತ್ರ ನಾಳೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ದಸರೆಯಲ್ಲಿ ಬನ್ನಿ ಕೊಟ್ಟುಕೊಂಡ ಓಣಿ, ದೀಪಾವಳಿಯ ಹೊತ್ತಿಗೆ ಬರಿದಾಯಿತು. ಒಂದೊಂದೇ ಮನೆಯವರು ಗಾಡಿ ಕಟ್ಟಿಕೊಂಡು ಗಡಿ ದಾಟಿ ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಹೋದರು. ಗಂಡಸರಿಗೆ ಅಪಾಯ ಹೆಚ್ಚೆಂದು ನಮ್ಮ ಮಾವನವರೂ ನಮ್ಮವರೂ ಹೋದರು. ಹಿಂದಿನಿಂದ ನಾವಿಬ್ಬರು ಹೆಂಗಸರು ಹೊರಡಬೇಕೆಂದು ಮಾತಾಗಿತ್ತು. ಎಮ್ಮೆ ಈಯಲಿ, ಆಮೇಲೆ ನೋಡೋಣ ಎಂದರು ಅತ್ತೆ. ಎಮ್ಮೆ ಈದಿತು. ಕರು ಸಣ್ಣದು ಎಂದರು. ಕರು ನಮ್ಮ ಕಣ್ಣೆದುರೇ ದೊಡ್ಡದಾಗುತ್ತಿತ್ತು. ಅದರ ವಿಷಯ ಮಾತ್ರ ನಾವಿಬ್ಬರೂ ಎತ್ತಲಿಲ್ಲ.

ಅಸಲಿಗೆ ನಾವು ಯಾವ ವಿಷಯವನ್ನೂ ಎತ್ತುತ್ತಿರಲಿಲ್ಲ. ಅತ್ತೆಯದು ಅಳೆದು ಸುರಿಯುವ ಮಾತು. ಉಪ್ಪು ತಾ, ಬಾಗಿಲು ಹಾಕು, ಇಷ್ಟೇ. ನಾನೋ ಹದಿನೆಂಟರ ಹುಡುಗಿ, ಗಂಡನ ಮುಖವೇ ಸರಿಯಾಗಿ ನೆನಪಿಗೆ ಬರದೆ ಕಂಗಾಲಾದವಳು. ಅವರಿಗೆ ಏನಾಗಿರಬಹುದೆಂದು ಹಗಲೆಲ್ಲ ಊಹಿಸುತ್ತಿದ್ದೆ. ನಮ್ಮ ಯಜಮಾನರು ಆ ಚಳಿಗಾಲದಲ್ಲಿ ನನ್ನ ತಲೆಯೊಳಗೆ ಎಷ್ಟು ಬಗೆಯ ಸಾವು ಸತ್ತರೆಂದು ಅವರಿಗೆ ಇವತ್ತಿಗೂ ತಿಳಿಯದು.

ಸಂಕ್ರಾಂತಿಗೆ ಕೆಲವು ದಿನ ಮುಂಚೆ, ಎತ್ತು ನೋಡಲು ಬಂದಿದ್ದ ನಮ್ಮ ತವರಿನ ಕಡೆಯವನೊಬ್ಬ ಬಾವಿಯ ಹತ್ತಿರ ಸಿಕ್ಕು, ಹಬ್ಬದ ಮಾರನೆಯ ದಿನ ಗೊಬ್ಬೂರಿನಿಂದ ಗಾಡಿ ಬರುತ್ತದೆ, ಸಿದ್ಧಳಾಗಿರು ಎಂದು ಅಪ್ಪ ಹೇಳಿ ಕಳಿಸಿದ್ದನ್ನು ಮುಟ್ಟಿಸಿದ. ಗೊಬ್ಬೂರಿನಲ್ಲಿ ಜನರಿದ್ದರು, ಅವ್ವ ಇದ್ದಳು. ಇಡೀ ದಿನ ಹೊರಡುವ ಕನಸು ಕಂಡೆ. ಅತ್ತೆಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ನಾನು ಹೋದರೆ ಆ ಓಣಿಯಲ್ಲಿ ದೀಪ ಹಚ್ಚುವ ಹೆಂಗಸು ಅವರೊಬ್ಬರೇ. ಹಬ್ಬ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ನಾನೂ ನನ್ನದೊಂದು ಎಮ್ಮೆ ಸಾಕಿಕೊಂಡೆ ಅನ್ನಿ.

ಹೊಸ ಸೊಸೆಯ ಮೊದಲ ಸಂಕ್ರಾಂತಿಗೆ ಅತ್ತೆಯಾದವಳು ಕುಸುರೆಳ್ಳಿನ ಒಡವೆ ಮಾಡಿ ತೊಡಿಸಬೇಕು. ಗಡಿಯ ಹತ್ತಿರದ ಊರುಗಳಲ್ಲಿ ಅದು ದೊಡ್ಡ ಸಂಭ್ರಮ. ಮುಳ್ಳಿನ ಸಂದಿಯಲ್ಲಿ ದಾರ ಸಿಕ್ಕಿಸಿ ಕಾಳು ಕಾಳು ಕಟ್ಟಿ ಸರ, ಬಳೆ, ತೋಳಬಂದಿ ಮಾಡುತ್ತಾರೆ. ಗದ್ದಲದ ನಡುವೆ ಇದೆಲ್ಲ ಯಾತಕ್ಕೆಂದು ನಾನು ಮೆಲ್ಲಗೆ ಅಂದದ್ದಕ್ಕೆ ಅತ್ತೆ, ತಿಂಗಳುಗಟ್ಟಲೆ ಉಳಿಸಿಟ್ಟಿದ್ದ ಸಕ್ಕರೆಯ ಡಬ್ಬಿ ಇಳಿಸಿದರು. ಮುಂಜಾನೆಯ ಚಳಿಯಲ್ಲಿ ಶೆಗಡಿಯ ಆಚೆ ಅವರು, ಈಚೆ ನಾನು. ನನ್ನ ಬೆರಳು ಸುಟ್ಟುಕೊಂಡದ್ದೇ ಬಂತು. ಮುಳ್ಳು ಎದ್ದದ್ದೆಲ್ಲ ಅವರ ಕಡೆಯ ಕಾಳಿಗೆ.

ಹಬ್ಬದ ಹಿಂದಿನ ದಿನ ಅತ್ತೆ ಓಣಿಯ ಮುತ್ತೈದೆಯರನ್ನು ಕರೆಯಲು ಹೊರಟರು. ಮನೆಯವರು ಹೊಲಕ್ಕೆ ಹೋಗಿದ್ದರೆ ಬಾಗಿಲ ಚೌಕಟ್ಟಿಗೆ ಕುಂಕುಮ ಹಚ್ಚಿ ಬರುವುದು ನಮ್ಮ ಕಡೆಯ ಪದ್ಧತಿ. ಕರೆ ಮುಟ್ಟಿದ ಹಾಗೆ. ಅತ್ತೆ ಬೀಗ ಹಾಕಿದ ಒಂದೊಂದು ಬಾಗಿಲಿಗೂ ಕುಂಕುಮ ಹಚ್ಚಿದರು. ನಾನು ಕುಂಕುಮದ ಕರಡಿಗೆ ಹಿಡಿದು ಹಿಂದೆ ಹಿಂದೆ. ಇವರಿಗೆ ತಲೆ ಕೆಟ್ಟಿದೆಯೇ ಎಂಬ ಹೊಸ ಚಿಂತೆಯೊಂದು ಆ ದಿನ ನನ್ನ ಪಟ್ಟಿಗೆ ಸೇರಿತು.

ಮಾರನೆಯ ಸಂಜೆ ಕಪ್ಪು ಚಂದ್ರಕಾಳಿ ಸೀರೆ ಉಡಿಸಿ, ಬಿಳಿ ಒಡವೆ ತೊಡಿಸಿ, ಮಣೆಯ ಮೇಲೆ ಕೂಡಿಸಿದರು. ಐದು ಮಂದಿ ಮುತ್ತೈದೆಯರ ಉಡಿಗೆ ಎಳ್ಳು ಹಾಕುವ ತನಕ ಏಳುವ ಹಾಗಿಲ್ಲ, ತಿನ್ನುವ ಹಾಗಿಲ್ಲ. ಬಾಗಿಲಿಂದ ತಂಗಾಳಿಯೊಂದೇ ಬರುತ್ತಿತ್ತು. ಅತ್ತೆ ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತರು. ಆಮೇಲೆ ಹಿತ್ತಲ ಕಡೆ ಹೋದರು. ಎಮ್ಮೆಗೆ ಹುಲ್ಲು ಹಾಕಲು ಇರಬೇಕೆಂದುಕೊಂಡೆ.

ಹೊರಬಾಗಿಲ ಚಿಲಕ ಅಲುಗಿತು. ಆ ದಿನಗಳಲ್ಲಿ ದೀಪದ ಹೊತ್ತಿಗೆ ಚಿಲಕ ಅಲುಗಿದರೆ ಲೂಟಿಗೆ ಬಂದವರೆಂದೇ ಲೆಕ್ಕ. ಬಾಗಿಲು ತೆರೆಯಿತು. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಒಳಗೆ ಬಂದವರು ಅತ್ತೆಯೇ.

"ಯಾರದಾರ ಬೇ ಮನ್ಯಾಗ? ಸೊಸಿನ್ನ ನೋಡಾಕ ಬರ್ರಿ ಅಂತ ಕರದು, ಒಂದ್ ಚಾಪಿ ಸೈತ ಹಾಸಿಲ್ಲ. ನಿಮ್ಮತ್ತಿ ಜಿಪುಣತನ ಹೋಗಂಗಿಲ್ಲ ನೋಡು."

ಎದುರುಮನೆಯ ಗೌರವ್ವನ ದನಿ. ಕೈ ತಿರುವುವ ರೀತಿಯೂ ಅದೇ. ನಾನು ಬಾಯಿ ತೆರೆದುಕೊಂಡೇ ಅವರ ಉಡಿಗೆ ಎಳ್ಳು ಹಾಕಿದೆ. ಅವರು ಹಿತ್ತಲಿಂದ ಹೋಗಿ ಸುತ್ತು ಹಾಕಿ ಮತ್ತೆ ಮುಂಬಾಗಿಲಿಗೆ ಬಂದರು. ಈ ಸಲ ಮೂಗಿಗೆ ತಪಕೀರು ಏರಿಸುವ ಮುದುಕಿ ನಾಗಮ್ಮ. ಮಾತಿಗೆ ಮುಂಚೆ ಸಾಲಾಗಿ ಸೀನಿದರು. ಮೂರನೆಯವಳು ಕಿರಾಣಿ ಅಂಗಡಿಯವರ ಮನೆಯ ಮರಾಠಿ ಹೆಂಗಸು. "ಅಗಬಾಯಿ, ಛಾನ ಕಾಣಾಕತ್ತೀ ಬಿಡು ಹುಡುಗಿ. ಇದು ನಿಮ್ಮತ್ತಿ ಕೈಗುಣ ಅಲ್ಲ, ನಿನ್ನ ಕೊರಳ ಗುಣ." ನಾನು ನಕ್ಕೆ. ಎಷ್ಟು ತಿಂಗಳಾಗಿತ್ತೋ ನಕ್ಕು, ಕೊರಳ ಸರ ಗಲಗಲ ಅಲುಗಿತು. ನಾಲ್ಕನೆಯವಳು ನನ್ನ ಓರಗೆಯ ಕಾಶವ್ವ, ನನ್ನ ಜೊತೆ ನೀರು ತರುತ್ತಿದ್ದವಳು. ಅತ್ತೆ ಮೈ ಸಣ್ಣದು ಮಾಡಿಕೊಂಡು, ತಲೆ ತಗ್ಗಿಸಿ, ಮಾತಿಲ್ಲದೆ ಸೆರಗು ಒಡ್ಡಿದರು. ಕಾಶವ್ವ ಹಾಗೆಯೇ ಇದ್ದಳು. ನನ್ನ ನಗು ನಿಂತಿತು.

ಐದನೆಯವರು ಬರಲು ತಡವಾಯಿತು. ಚಿಲಕ ಅಲುಗಿಸಲಿಲ್ಲ, ಮಗಳ ಮನೆಗೆ ಬರುವವರು ಬರುವಂತೆ ನೇರ ಒಳಗೆ ಬಂದು ನನ್ನ ಎದುರು ಕೂತರು.

"ಯವ್ವಾ, ಸೊರಗೀಯಲ್ಲ. ನಾಳೆ ಗಾಡಿ ಬರ್ತದ. ಹೊಂಟ್ ಬಿಡು. ನಿಮ್ಮತ್ತಿ ಏನೂ ಅನ್ನಂಗಿಲ್ಲ. ನಾ ಆಕಿನ್ನ ಕೇಳೇನಿ."

ಅತ್ತೆ ನಮ್ಮವ್ವನನ್ನು ನೋಡಿದ್ದು ಮದುವೆಯಲ್ಲಿ ಮಾತ್ರ. ದನಿ ಒಂದಿಷ್ಟೂ ಹೋಲಲಿಲ್ಲ. ಎತ್ತು ನೋಡಲು ಬಂದವನು ನನಗಿಂತ ಮೊದಲು ಅವರಿಗೇ ವಿಷಯ ಹೇಳಿದ್ದನೆಂದು ಆಗ ಹೊಳೆಯಿತು. ಎಲ್ಲ ತಿಳಿದೇ ಅವರು ಅಷ್ಟು ಮುಂಜಾನೆಗಳು ಶೆಗಡಿಯ ಮುಂದೆ ಸುಮ್ಮನೆ ಕೂತಿದ್ದರು. ಕೈಯಲ್ಲಿದ್ದ ಎಳ್ಳನ್ನು ಅವರ ಉಡಿಗೆ ಹಾಕಿದೆ.

"ಗಾಡಿ ಬರ್ಲಿ ಯವ್ವಾ," ಎಂದೆ. "ಎಳ್ಳು ಕಳಸ್ತೇನಿ. ನಾ ಬರಂಗಿಲ್ಲ. ನಮ್ಮತ್ತಿ ಎಮ್ಮಿ ನೆವ ಹೇಳ್ಕೋತ ಇಲ್ಲೇ ಕುಂತಾರ."

ಅವರು ಸೆರಗಿನಲ್ಲಿದ್ದ ಎಳ್ಳನ್ನು ಗಂಟು ಕಟ್ಟಿಕೊಂಡರು. ಆಮೇಲೆ ತಮ್ಮದೇ ದನಿಯಲ್ಲಿ, "ಭಾಳ ಶಾಣ್ಯಾಕಿ ಅದೀ. ಏಳು, ಉಣ್ಣು," ಎಂದರು.

ಮಾರನೆಯ ದಿನ ಗಾಡಿ ಬಂತು. ಒಡವೆ ಬಿಚ್ಚಿದ ಕುಸುರೆಳ್ಳಿನ ಡಬ್ಬಿಯೊಂದನ್ನು ಹೊತ್ತು ಮರಳಿತು. ಒಂದು ಡಬ್ಬಿಗಾಗಿ ಇಷ್ಟು ದೂರ ಬರಬೇಕಿತ್ತೇ ಎಂದು ಗಾಡಿಯವನು ಗೊಣಗಿದ. ಅಪ್ಪ ಬಹಳ ದಿನ ಸಿಟ್ಟಿನಲ್ಲಿದ್ದ. ನಾನು ಗಟ್ಟಿಗಿತ್ತಿಯೆಂದು ತಿಳಿಯಬೇಡಿ, ಗಾಡಿ ತಿರುವಿನಲ್ಲಿ ಮರೆಯಾದ ಕೂಡಲೇ ಕಟ್ಟೆಯ ಮೇಲೆ ಕೂತು ಬಿಕ್ಕಿದೆ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಗಂಡಸರು ಬಂದರು, ಓಣಿ ತುಂಬಿತು. ಕಾಶವ್ವನ ಮನೆಯ ಬೀಗ ಮಾತ್ರ ತೆಗೆಯಲಿಲ್ಲ. ಅತ್ತೆ ಮತ್ತೆ ಎಂದೂ ಯಾರ ದನಿಯನ್ನೂ ಆಡಲಿಲ್ಲ. ಸಾಯುವ ತನಕ ಆ ಸಂಜೆಯ ಮಾತು ನಮ್ಮ ನಡುವೆ ಬರಲಿಲ್ಲ.

ಇಷ್ಟು ವರ್ಷ ನಾನು ಈ ಕತೆಯನ್ನು, ಅತ್ತೆ ನನಗಾಗಿ ಮಾಡಿದ್ದೆಂದೇ ಹೇಳಿಕೊಂಡು ಬಂದೆ. ಅವರಿಗಾಗ ಇದ್ದ ವಯಸ್ಸನ್ನು ನಾನೀಗ ದಾಟಿದ್ದೇನೆ. ಇವತ್ತು, ಹೊಗೆ ತುಂಬಿದ ಅಡುಗೆಮನೆಯಲ್ಲಿ ಯಾರಾದರೂ ಬಂದಾರೆಯೇ ಎಂದು ಕಿವಿಗೊಟ್ಟು ನಿಂತಿದ್ದಾಗ ಅನ್ನಿಸಿತು: ಗೌರವ್ವನ ಬೈಗುಳ, ನಾಗಮ್ಮನ ಸೀನು, ಅವು ನನಗೇನು ಆಗಬೇಕಿತ್ತು? ಬಂದು ವರ್ಷ ತುಂಬದವಳು ನಾನು. ಆ ದನಿಗಳೊಂದಿಗೆ ಬಾಳು ಕಳೆದವರು ಅತ್ತೆ. ಕೇಳಬೇಕಾಗಿದ್ದದ್ದು ಅವರಿಗೆ.

ಬೋಗುಣಿ ತಿಕ್ಕಿ, ಬೇರೆ ಪಾಕ ಇಟ್ಟು, ಹೊಸ ಎಳ್ಳು ಹರವಿದೆ. ಎಷ್ಟು ಆಡಿಸಿದರೂ ಮುಳ್ಳು ಏಳಲೊಲ್ಲದು.

"ಕೈ ಇಲ್ಲದ, ಚಿತ್ತ ಎಲ್ಲದ ಬೇ? ಉರಿ ಸಣ್ಣ ಮಾಡು," ಎಂದೆ, ಗಟ್ಟಿಯಾಗಿ, ಅತ್ತೆಯ ದನಿಯಲ್ಲಿ.

"ಮಾಡ್ತೇನ್ರಿ ಅತ್ತಿ," ಎಂದೂ ನಾನೇ ಅಂದೆ.

ಉರಿ ಸಣ್ಣದಾಯಿತು. ಇಬ್ಬರೂ ಕೆಲಸಕ್ಕೆ ಕೂತೆವು.