ಉಜ್ಜನಪ್ಪನ ಎಡಗೈ

ಹರಿಹರದ ಕೋರ್ಟಿನ ಕಟ್ಟೆಯ ಮೇಲೆ ಏಳು ವರ್ಷಗಳಿಂದ ಡಾಕ್ಟರ ಮೇಲೆ ಹೂಡಿದ ದಾವೆಯ ವಾಯಿದೆ ಕಾಯುವ ಉಜ್ಜನಪ್ಪ ಕಂಡವರಿಗೆಲ್ಲ ತನ್ನ ಸೊಟ್ಟ ಎಡಗೈ ಚಾಚುತ್ತಾನೆ. "ನೋಡ್ರಿ, ಮೂಳೆ ಮುರಿದಿದ್ರೆ ಡಾಕ್ಟ್ರು ಉಳುಕು ಅಂತ ಬರೇ ಪಟ್ಟಿ ಸುತ್ತಿದ್ರು!" ಚಹಾದಂಗಡಿಯ ಕೆಂಚವೀರಪ್ಪ, "ಸಾಕ್ಷಿ ಬಂತು, ದಾರಿ ಬಿಡ್ರಪ್ಪ" ಎಂದು ಛೇಡಿಸುತ್ತಾನೆ. ದಾವಣಗೆರೆಗೆ ಬಂದ ಹೊಸ ಡಾಕ್ಟರು ಮೂಳೆಯನ್ನು ಮತ್ತೆ ಮುರಿದು ಸರಿಯಾಗಿ ಕೂಡಿಸುತ್ತೇನೆಂದಾಗ, "ಬ್ಯಾಡ್ರಿ, ಕೈ ನೆಟ್ಟಗಾದ್ರೆ ಜಡ್ಜಿಗೆ ಏನು ತೋರಿಸ್ಲಿ?" ಎಂದು ಎದ್ದು ಬಂದಿದ್ದ. ಈಗ ಆ ಹೊಸ ಡಾಕ್ಟರೂ ಕಾಲ ಮೀರಿತು ಎನ್ನುತ್ತಾರೆ. ಪೂಜೆಗೆ ಇಷ್ಟಲಿಂಗ ಹಿಡಿಯಬೇಕಾದ ಆ ಎಡ ಅಂಗೈ ಮೇಲ್ಮುಖವಾಗಿ ತಿರುಗುವುದೇ ಇಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಕದವಿಕ್ಕಿ ಹೆಂಡತಿ ಗುರುಶಾಂತಮ್ಮ ತನ್ನ ಅಂಗೈ ಒಡ್ಡುತ್ತಾಳೆ. ಅದರ ಮೇಲೆ ತನ್ನ ಇಷ್ಟಲಿಂಗವನ್ನಿಟ್ಟು ಅವನು ಪೂಜಿಸುತ್ತಾನೆ. "ಇದನ್ನೂ ಜಡ್ಜಿಗೆ ಹೇಳ್ರಿ" ಎಂದು ಅವಳು ಅಂದರೆ, ಊರಿಗೆಲ್ಲ ತೋರಿಸುವ ಆ ಕೈಯನ್ನು ಉಜ್ಜನಪ್ಪ ಮೆಲ್ಲಗೆ ಅಂಗಿಯ ತೋಳೊಳಗೆ ಎಳೆದುಕೊಳ್ಳುತ್ತಾನೆ.