ವರುಣಾ ದಾಟದ ಅಜ್ಜಿ

ಎಪ್ಪತ್ತರ ದಶಕದಲ್ಲಿ ನಾನು ಕಾಶಿಯ ಒಂದು ಸಣ್ಣ ಸಭೆಯ ಪಾದ್ರಿಯಾಗಿದ್ದೆ. ಮನಸ್ಸು ನೊಂದವರ ಮಾತು ಕೇಳುವ ಆಪ್ತಸಮಾಲೋಚನೆಯೂ ನನ್ನದೇ. ವರುಣಾ ನದಿಯಾಚೆ ಚರ್ಚಿನ ಕೋಣೆ, ಎರಡು ಕುರ್ಚಿ, ಗೋಡೆ ಗಡಿಯಾರ. ಒಬ್ಬರಿಗೆ ಮುಕ್ಕಾಲು ಗಂಟೆ. ಹೇಳದೆ ಎರಡು ವಾರ ತಪ್ಪಿಸಿದವರ ಹೆಸರು ಹೊಡೆದುಹಾಕುತ್ತಿದ್ದೆ. ಆ ನಿಯಮ ಮಾಡಿದವನೂ ನಾನೇ.

ಸೋನಾರ್‌ಪುರದ ತರಕಾರಿ ಅಂಗಡಿಯಲ್ಲಿ ನಾನೂ ಹೆಂಡತಿಯೂ ಬದನೆಕಾಯಿಯ ಬಗ್ಗೆ ಕನ್ನಡದಲ್ಲಿ ಜಗಳವಾಡುತ್ತಿದ್ದಾಗ ಒಬ್ಬ ಅಜ್ಜಿ ಮಾತಿಗೆ ನಿಂತರು. ಧಾರವಾಡದ ಕಡೆಯ ವಿಧವೆ. ಕೇದಾರ ಘಾಟಿನ ಬಳಿ ಒಂದು ಕೋಣೆಯಲ್ಲಿ ವಾಸ. ಗಂಡ ಬದುಕಿದ್ದಷ್ಟು ದಿನ ಹೊಡೆದಿದ್ದ. ಅವನ ಮೇಲಿನ ಸಿಟ್ಟು ಹೋಗದಿದ್ದರೆ ಕಾಶಿಯಲ್ಲಿ ಸತ್ತರೂ ಮುಕ್ತಿಯಿಲ್ಲವೆಂದು ಯಾರೋ ಹೇಳಿದ್ದರಿಂದ ಊಟ, ನಿದ್ದೆ ಬಿಟ್ಟಿದ್ದರು. ಮಂಗಳವಾರ ಒಂಬತ್ತಕ್ಕೆ ಬನ್ನಿ ಎಂದು ಚೀಟಿ ಬರೆದುಕೊಟ್ಟೆ. ಎರಡು ಮಂಗಳವಾರ ಬರಲಿಲ್ಲ. ಹೆಸರು ಹೊಡೆದೆ.

ಮತ್ತೆ ಅದೇ ಅಂಗಡಿಯಲ್ಲಿ ಸಿಕ್ಕರು. ಇನ್ನಷ್ಟು ಸೊರಗಿದ್ದರು.

“ಯಾಕೆ ಬರಲಿಲ್ಲ, ಅಮ್ಮಾ?”

“ಏನ್ರೀ ಪಾದ್ರಿಗಳ, ಇಷ್ಟು ವರ್ಷ ಕಾಶಿಯೊಳಗ ಇದ್ದು ಇದೂ ಗೊತ್ತಿಲ್ಲೇನು? ಸಾಯ್ಲಿಕ್ಕೆ ಬಂದಾಕಿ ನಾ. ವರುಣಾ ದಾಟಿದ್ರ ಕಾಶಿ ಕ್ಷೇತ್ರ ಮುಗೀತು, ಅದನ್ನ ದಾಟೂದಿಲ್ಲಂತ ಸಂಕಲ್ಪ ಮಾಡೀನಿ. ದಾಟಿದ ದಿನಾನ ಜೀವ ಹೋತಂದ್ರ, ನಿಮ್ಮ ಚೀಟಿ ಮುಕ್ತಿ ಕೊಡ್ತದೇನು?”

ಹೆಂಡತಿ ನಕ್ಕಳು. ನಾನು ನಗಲಿಲ್ಲ. ಮುಂದಿನ ಮಂಗಳವಾರ ಒಂಬತ್ತಕ್ಕೆ ನಾನೇ ಅವರ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದೆ.

“ಅಂವ ಮಾಡಿದ್ದು ಸರಿ ಅಂತ ಒಪ್ಪಬೇಕೇನ್ರಿ?”

“ಬೇಡ. ಮಾಡಿದ್ದು ತಪ್ಪು. ಕ್ಷಮೆ ಎಂದರೆ ತಪ್ಪನ್ನು ಸರಿ ಅನ್ನುವುದಲ್ಲ. ಮೊದಲು ಸಿಟ್ಟು ಹೇಳಿ ಮುಗಿಸಿ.”

“ಬೈಲೇನು?”

“ಬೈಯಿರಿ.”

ಮುಕ್ಕಾಲು ಗಂಟೆ ಬೈದರು. ಆಮೇಲೆ ಒಳಗೆ ಹೋಗಿ ಅವಲಕ್ಕಿ ಕಲಸಿಕೊಂಡು ತಿಂದರು.

ಸಭೆಯ ಪತ್ರಿಕೆಗೆ ನಾನು ತಿಂಗಳಿಗೊಮ್ಮೆ ದಿನನಿತ್ಯದ ಬಾಳಿಗೆ ಕ್ರಿಸ್ತನ ಬೋಧನೆ ಏನು ಹೇಳುತ್ತದೆಂದು ಬರೆಯುತ್ತಿದ್ದೆ. ಅಜ್ಜಿಯ ಒಪ್ಪಿಗೆ ಪಡೆದು, ಗುರುತು ಬಿಟ್ಟು, ಈ ಸಲ ಇದನ್ನೇ ಬರೆದೆ. ಹಿರಿಯರ ಸಮಿತಿ ಕರೆಸಿತು.

“ಪಾದ್ರಿ ಸಾಹೇಬ್, ಆಕೆ ಪ್ರಭು ಕ್ರಿಸ್ತನನ್ನು ಒಪ್ಪಿಕೊಂಡಳೇ?” ಎಂದು ಹಿರಿಯರೊಬ್ಬರು ಹಿಂದಿಯಲ್ಲಿ ಕೇಳಿದರು.

“ನಾನು ಕೇಳಲಿಲ್ಲ.”

“ಮತ್ತೆ ಬೈಗುಳ ಕೇಳುವುದಕ್ಕೆ ಅಷ್ಟು ದೂರ ಹೋಗುತ್ತೀರಾ?”

“ಹೌದು. ಇಲ್ಲಿಗಿಂತ ಅಲ್ಲಿಯ ಬೈಗುಳ ಚೆನ್ನಾಗಿರುತ್ತದೆ.”

ಘಾಟಿನ ಕಡೆ ಹೋಗುವುದನ್ನು ನಿಲ್ಲಿಸಿ, ಇಲ್ಲವೇ ಕೋಣೆ ಬಿಡಿ ಎಂದರು. ತಪ್ಪಿಹೋದ ಒಂದು ಕುರಿಯನ್ನು ಕುರುಬ ಹುಡುಕಿಹೋದ, ಕ್ರಿಸ್ತ ಹೇಳಿದ ಕಥೆ ಅವರೆಲ್ಲರಿಗೂ ಬಾಯಿಪಾಠ. ಆ ಕುರುಬ ತಾನೇ ಎದ್ದು ಹೊರಟನಲ್ಲದೆ, ಹಟ್ಟಿಯಲ್ಲಿ ಕೂತು ಕುರಿಯ ಹೆಸರು ಹೊಡೆಯಲಿಲ್ಲ, ಆ ತಪ್ಪು ನಾನು ಒಮ್ಮೆ ಮಾಡಿದ್ದೇನೆ, ಇನ್ನು ಮಾಡುವುದಿಲ್ಲ ಎಂದೆ. ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ. ಅದಕ್ಕಾಗಿ ಅಂದೂ ಮರುಗಲಿಲ್ಲ, ಇಂದೂ ಇಲ್ಲ.

ಸುದ್ದಿ ನನಗಿಂತ ಮೊದಲೇ ಅಜ್ಜಿಯನ್ನು ಮುಟ್ಟಿತ್ತು.

“ನಿಮ್ಮನ್ನ ಹೊರಗ ಹಾಕಿದ್ರಂತ?”

“ಕೋಣೆಯಿಂದ ಮಾತ್ರ.”

“ಛಲೋ ಆತು. ಕೂಡ್ರಿ. ಲಗ್ನ ಆದ ವರ್ಷದ್ದು ನಾ ಇನ್ನೂ ಹೇಳೇ ಇಲ್ಲ.”